ಕಂಕುಳಲ್ಲಿ ಹರಿದ ಕೋಟು, ಲೈಟ್ ಕೆಳಗೆ ಕಪ್ಪಾದ ಮರೂನು: ನಾಟಕಕ್ಕೆ ಕಾಸ್ಟ್ಯೂಮ್ ಹೊಲಿಯೋರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಡಂ, ನನಗೆ 36 ವರ್ಷ, 11 ವರ್ಷದಿಂದ ಮನೇಲೇ ಟೈಲರಿಂಗ್ ಮಾಡ್ತಿದೀನಿ, ಹೆಚ್ಚಾಗಿ ಹೆಂಗಸರ ಬಟ್ಟೆ. ಮೊದಲನೇ ಸಲ ಒಂದು ನಾಟಕ ತಂಡಕ್ಕೆ 14 ಕಾಸ್ಟ್ಯೂಮ್ ಹೊಲಿದುಕೊಟ್ಟೆ. ಮೊದಲ ಶೋನಲ್ಲೇ ಸೈನಿಕನ ಪಾತ್ರದವರು ಕತ್ತಿ ಎತ್ತಿದ ತಕ್ಷಣ ಕೋಟು ಕಂಕುಳ ಹತ್ರ ಪರ್ರ್ ಅಂತ ಹರೀತು. ಟೈಟ್ ಆಗಿರಬೇಕು ಅಂತ ಸೈಡ್ ಬಿಚ್ಚಿ ಲೂಸ್ ಮಾಡಿದೆ, ಆರ್ಮ್‌ಹೋಲೂ (ತೋಳು ಸೇರಿಸೋ ತೂತು) ಒಂದು ಇಂಚು ಕೆಳಗೆ ಇಳಿಸಿದೆ, ಎರಡನೇ ಶೋನಲ್ಲಿ ಮತ್ತೆ ಹರೀತು, ಮೊದಲಿಗಿಂತ ಜಾಸ್ತಿ. ರಾತ್ರಿ ಸೀನಲ್ಲಿ ರಾಣಿಯ ಮರೂನ್ ಉಡುಪು ಪೂರ್ತಿ ಕಪ್ಪು ಕಾಣಿಸ್ತು, ದೀಪ ಹಿಡ್ಕೊಂಡು ಬರೋ ಹುಡುಗಿಯ ಬಿಳಿ ನೆಟ್ ಸ್ಕರ್ಟ್ ಮಾತ್ರ ಕಣ್ಣಿಗೆ ಚುಚ್ಚೋ ಹಾಗೆ ಹೊಳೀತಿತ್ತು. ತಂಡದವರು "ದೂರದಿಂದ ಯಾರಿಗೆ ಕಾಣತ್ತೆ, ಗ್ಲೂ ಹಾಕಿ ಮುಗಿಸಿ, ಅಷ್ಟು ಫಿನಿಶಿಂಗ್ ಯಾಕೆ" ಅಂತಾರೆ. ಮೂರು ವಾರ ಬಿಟ್ಟು ಇನ್ನೂ 6 ಶೋ ಇದೆ. ಈ ಕೆಲಸ ನನಗೆ ತುಂಬಾ ಇಷ್ಟ ಆಯ್ತು, ಟೈಲರಿಂಗ್ ಬಿಟ್ಟು ಪೂರ್ತಿ ಇದಕ್ಕೇ ಬರಬಹುದಾ, ಅಥವಾ ಡಿಗ್ರಿ ಇಲ್ಲದವರಿಗೆ ಇದು ಆಗಲ್ವಾ?

ಉತ್ತರ: ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಕೋಟು, ಬಣ್ಣ, ಗ್ಲೂ, ಡಿಗ್ರಿ ಅಂತೆಲ್ಲಾ ಬರೆದಿದೀರ, ಆದ್ರೆ ಒಳಗಿರೋ ಭಯ ಒಂದೇ ಅನ್ಸತ್ತೆ, 11 ವರ್ಷ ಹೊಲಿದವಳಿಗೆ ಒಂದು ಕೋಟು ನಿಲ್ಲಿಸೋಕೆ ಆಗ್ಲಿಲ್ವಲ್ಲ, ನನಗೆ ಕೆಲಸಾನೇ ಬರಲ್ವಾ ಅನ್ನೋದು. ಬರತ್ತೆ. ನಿಮಗೆ ಹೊಲಿಗೆ ಗೊತ್ತು, ಸ್ಟೇಜ್ ಮೇಲಿನ ಮೈ ಏನೇನು ಮಾಡತ್ತೆ ಅನ್ನೋದು ಇನ್ನೂ ಕೈಗೆ ಬಂದಿಲ್ಲ ಅಷ್ಟೇ. ಇಷ್ಟು ವರ್ಷ ನೀವು ಅಳತೆ ತಗೊಂಡಿದ್ದು ಸುಮ್ನೆ ನಿಂತ ಮೈಗೆ, ಕನ್ನಡಿ ಮುಂದೆ ಕೈ ಇಳಿಬಿಟ್ಟು ನಿಂತಾಗ ಚೆನ್ನಾಗಿ ಕೂತ್ರೆ ಗಿರಾಕಿಗೆ ಖುಷಿ. ನಟನಿಗೆ ಅದು ಸಾಲಲ್ಲ, ಅವನು ಆ ಬಟ್ಟೇಲಿ ಓಡ್ತಾನೆ, ಬೀಳ್ತಾನೆ, ಮಂಡಿ ಊರ್ತಾನೆ, ಬೆವರ್ತಾನೆ, ನಾಳೆ ಮತ್ತೆ ಅದನ್ನೇ ಹಾಕ್ಕೊಂಡು ಎಲ್ಲಾ ಮೊದಲಿಂದ ಮಾಡ್ತಾನೆ.

ಮೊದಲು ಕೋಟು ನೋಡೋಣ, ಯಾಕಂದ್ರೆ ಇದರಲ್ಲಿ ಎಲ್ಲಾ ಟೈಲರ್‌ಗಳೂ ಮಾಡೋ ಒಂದು ತಪ್ಪು ಇದೆ, ನಾನೂ ಮಾಡಿದೀನಿ. ಕಂಕುಳಲ್ಲಿ ಹರಿದ್ರೆ ಲೂಸ್ ಮಾಡ್ಬೇಕು, ಆರ್ಮ್‌ಹೋಲ್ ದೊಡ್ಡದು ಮಾಡ್ಬೇಕು ಅಂತ ಕೈ ತಾನಾಗೇ ಹೋಗತ್ತೆ. ಒಂದು ಪರೀಕ್ಷೆ ಮಾಡಿ ನೋಡಿ. ಯಾರಿಗಾದ್ರೂ ಸೊಂಟದಿಂದ ಶುರು ಮಾಡಿ ಪಕ್ಕೆ ಮೇಲೆ ಹತ್ತಿ ಕಂಕುಳ ದಾಟಿ ಮೊಣಕೈವರೆಗೆ ಟೇಪ್ ಹಿಡೀರಿ, ಮೊದಲು ಕೈ ಇಳಿಬಿಟ್ಟು ಕಂಕುಳೊಳಗೆ ಟೇಪ್ ಮಡಚಿ ಕೂರೋ ಹಾಗೆ, ಆಮೇಲೆ ಕೈ ತಲೆ ಮೇಲೆ ಎತ್ತಿಸಿ. ಕೈ ಎತ್ತಿದಾಗ ಆ ಪಕ್ಕೆ ಪೂರ್ತಿ ಹಿಗ್ಗತ್ತೆ, ಟೇಪ್ ಎಳೆದು ನಿಲ್ಲತ್ತೆ. ಈಗ ಕೋಟಲ್ಲಿ ಅದೇ ದಾರಿ ನೋಡಿ: ಸೈಡ್ ಹೊಲಿಗೆಯ ಉದ್ದ, ಅದಕ್ಕೆ ಸೇರಿದ ತೋಳಿನ ಅಡಿ ಹೊಲಿಗೆಯ ಉದ್ದ. ಆರ್ಮ್‌ಹೋಲ್ ಒಂದು ಇಂಚು ಕೆಳಗೆ ಇಳಿಸಿದ್ರೆ ಈ ಎರಡೂ ಕಡೆಯಿಂದ ಉದ್ದ ಕಡಿಮೆ ಆಗತ್ತೆ. ಅಂದ್ರೆ ಎಲ್ಲಿ ಬಟ್ಟೆ ಬೇಕಿತ್ತೋ ಅಲ್ಲಿಂದಲೇ ನೀವು ಬಟ್ಟೆ ತೆಗೆದ್ರಿ. ಸುತ್ತಳತೆ ಎಷ್ಟು ಲೂಸ್ ಮಾಡಿದ್ರೂ ಉದ್ದದ ಕೊರತೆ ತುಂಬಲ್ಲ. ಎರಡನೇ ಶೋನಲ್ಲಿ ಜಾಸ್ತಿ ಹರಿದಿದ್ದು ಇದಕ್ಕೇ.

ಕೈ ಆಡ್ಬೇಕಾದ್ರೆ ಆರ್ಮ್‌ಹೋಲ್ ಚಿಕ್ಕದಾಗಿ, ಕಂಕುಳಿಗೆ ಹತ್ತಿರವಾಗಿ, ಮೇಲೆ ಇರಬೇಕು. ಕೇಳೋಕೆ ಉಲ್ಟಾ ಅನ್ಸತ್ತೆ, ಆದ್ರೆ ಡ್ಯಾನ್ಸ್ ಮಾಡೋರ ಜಾಕೆಟ್ ಒಂದನ್ನ ಕೈಗೆ ಸಿಕ್ಕಾಗ ನೋಡಿ, ಹಾಗೇ ಇರತ್ತೆ. ಇನ್ನೊಂದು, ತೋಳಿನ ಮೇಲ್ಭಾಗದ ಗುಮ್ಮಟ, ಅದು ಎತ್ತರವಾಗಿದ್ರೆ ಕೈ ಇಳಿಬಿಟ್ಟಾಗ ಸುಕ್ಕೇ ಇಲ್ಲದೆ ಸೊಗಸಾಗಿ ಕೂರತ್ತೆ ಆದ್ರೆ ಕೈ ಎತ್ತೋಕೆ ಬಿಡಲ್ಲ, ಗುಮ್ಮಟ ತಗ್ಗಿಸಿ ತೋಳು ಅಗಲ ಮಾಡಿದ್ರೆ ಇಳಿಬಿಟ್ಟಾಗ ಸ್ವಲ್ಪ ಸುಕ್ಕು ಬರತ್ತೆ ಆದ್ರೆ ಕತ್ತಿ ಎತ್ತಬಹುದು. ಯಾವ ಪಾತ್ರಕ್ಕೆ ಯಾವುದು ಅಂತ ನೀವೇ ತೀರ್ಮಾನ ಮಾಡ್ಬೇಕು, ಸಿಂಹಾಸನದ ಮೇಲೆ ಕೂತೇ ಇರೋ ರಾಜನಿಗೆ ಎತ್ತರದ ಗುಮ್ಮಟ ಕೊಡಿ, ಸೈನಿಕನಿಗೆ ಬೇಡ. ಮತ್ತೆ ಒಂದು ಅನುಮಾನ, ಆ ಸೈನಿಕನಿಗೆ ಸೊಂಟದಲ್ಲಿ ಬೆಲ್ಟ್ ಇತ್ತಾ? ಕತ್ತಿ ಇದೆ ಅಂದ್ಮೇಲೆ ಇದ್ದೇ ಇರತ್ತೆ. ಬೆಲ್ಟ್ ಇಲ್ಲದ ಕೋಟು ಕೈ ಜೊತೆ ಮೇಲೆ ಹೋಗಿ ಪ್ರಾಣ ಉಳಿಸ್ಕೊಳತ್ತೆ, ಬೆಲ್ಟ್ ಅದನ್ನ ಸೊಂಟಕ್ಕೆ ಕಟ್ಟಿಹಾಕತ್ತೆ, ಆಗ ಎಳೆತ ಎಲ್ಲಾ ಕಂಕುಳಿಗೇ ಬೀಳತ್ತೆ. ನಿಮ್ಮ ಫಿಟಿಂಗ್‌ನಲ್ಲಿ ಬೆಲ್ಟ್ ಹಾಕಿಸಿರಲಿಲ್ಲ ಅಂತ ನನ್ನ ಊಹೆ.

ಹರಿದ ಜಾಗಾನ ಲೈಟ್ ಕೆಳಗೆ ಇಟ್ಟು ನೋಡಿ, ಅದು ತುಂಬಾ ಹೇಳತ್ತೆ. ದಾರ ಕಿತ್ತು ಹೊಲಿಗೆ ಬಿಟ್ಟಿದ್ದು ಬಟ್ಟೆ ಹಾಗೇ ಇದ್ರೆ ನಿಮ್ಮ ಅದೃಷ್ಟ, ಹತ್ತು ನಿಮಿಷದ ಕೆಲಸ. ಹೊಲಿಗೆ ಗಟ್ಟಿ ಇದ್ದು ಪಕ್ಕದ ಬಟ್ಟೆ ಎಳೆ ಎಳೆಯಾಗಿ ಬಿಟ್ಕೊಂಡಿದ್ರೆ ಅದು ಬೇರೆ ಕಾಯಿಲೆ, ಸ್ಯಾಟಿನ್ ಥರ ನುಣುಪು ನೇಯ್ಗೆಯಲ್ಲಿ ಎಳೆಗಳು ಜಾರ್ತವೆ, ಅಲ್ಲಿ ಒಳಗಡೆ ಗಟ್ಟಿ ಹತ್ತಿ ಬಟ್ಟೆಯ ಆಸರೆ ಇಲ್ಲದೆ ಹೊಲೀಲೇಬಾರದು. ದಾರ ಯಾವಾಗ್ಲೂ ಬಟ್ಟೆಗಿಂತ ಒಂದು ಕೂದಲಷ್ಟು ಬಲಹೀನವಾಗಿರಲಿ, ಏನಾದ್ರೂ ಹರೀಲೇಬೇಕು ಅಂದಾಗ ದಾರ ಹೋಗಲಿ, ಬಟ್ಟೆ ಉಳೀಲಿ. ತೆಳು ಬಟ್ಟೆಗೆ ದಪ್ಪ ನೈಲಾನ್ ದಾರ ಹಾಕಿ "ಇನ್ನು ಹೇಗೆ ಹರಿಯತ್ತೆ ನೋಡ್ತೀನಿ" ಅನ್ನೋರನ್ನ ನೋಡಿದೀನಿ, ದಾರ ಬ್ಲೇಡ್ ಥರ ಬಟ್ಟೆ ಕೊಯ್ದುಬಿಡತ್ತೆ.

ಇಲ್ಲಿ ನನ್ನದೇ ಒಂದು ಕಥೆ ಹೇಳ್ಬೇಕು. ಕೆಲಸ ಶುರು ಮಾಡಿದ ಮೂರನೇ ವರ್ಷ ಒಂದು ನಾಟಕದ ನಾಯಕಿಗೆ ಬಾಡೀಸ್ (ಎದೆ ಸೊಂಟಕ್ಕೆ ಬಿಗಿಯಾಗಿ ಕೂರೋ ಮೇಲುಡುಪು) ಹೊಲಿದೆ, ಒಳಗೆ ಲೈನಿಂಗ್ ಪೂರ್ತಿ ಮುಚ್ಚಿ, ಒಂದು ಹೊಲಿಗೇನೂ ಕಾಣದ ಹಾಗೆ, ಮಾರ್ಜಿನ್ (ಹೊಲಿಗೆ ಪಕ್ಕ ಒಳಗೆ ಬಿಡೋ ಬಟ್ಟೆ) ಎಲ್ಲಾ ಅರ್ಧ ಇಂಚಿಗೆ ಕತ್ತರಿಸಿ ನೀಟಾಗಿ. ನನಗೆ ಎಷ್ಟು ಹೆಮ್ಮೆ ಅಂದ್ರೆ ಎಲ್ಲರಿಗೂ ಒಳಗಡೆ ತಿರುಗಿಸಿ ತೋರಿಸ್ದೆ. ಶೋಗೆ ಎರಡು ದಿನ ಇರುವಾಗ ಆ ನಟಿಗೆ ಕಾಲು ಮುರೀತು, ಬದಲಿಗೆ ಬಂದವರ ಎದೆ ಸುತ್ತಳತೆ ಮೂರು ಇಂಚು ಜಾಸ್ತಿ. ಬಿಚ್ಚೋಕೆ ಒಳಗೆ ಬಟ್ಟೆಯೇ ಇಲ್ಲ. ಪೂರ್ತಿ ಹೊಸದಾಗಿ ಮಾಡಿದೆ, ಎರಡು ರಾತ್ರಿ ನಿದ್ದೆ ಇಲ್ಲ. ಅವತ್ತಿಂದ ಇವತ್ತಿನವರೆಗೂ ನಾನು ಪಾಲಿಸೋದು ಒಂದೇ ಮಾತು, ಸ್ಟೇಜ್ ಬಟ್ಟೆನ ಬಿಚ್ಚೋಕೆ ಆಗೋ ಹಾಗೆ ಹೊಲೀಬೇಕು. ಸೈಡಲ್ಲಿ ಒಂದು ಇಂಚು ಒಳಗೆ ಬಿಡಿ, ಬೆನ್ನ ಮಧ್ಯದಲ್ಲಿ ಒಂದೂವರೆಯಿಂದ ಎರಡು, ಅಂಚಲ್ಲಿ ಮೂರು ನಾಲ್ಕು ಇಂಚು ಮಡಚಿ ಇಡಿ. ಲೈನಿಂಗ್‌ನ ಚೀಲದ ಥರ ಬೇರೆ ಹೊಲಿದು ಒಳಗೆ ಸೇರಿಸೋ ಬದಲು ಪ್ರತಿ ತುಂಡಿಗೂ ಅದರದ್ದೇ ಲೈನಿಂಗ್ ತುಂಡು ಕಚ್ಚಾ ಹೊಲಿಗೆ ಹಾಕಿ ಜೋಡಿಸಿ, ಎರಡೂ ಪದರ ಒಂದೇ ಬಟ್ಟೆ ಅನ್ನೋ ಹಾಗೆ ಒಟ್ಟಿಗೆ ಹೊಲೀರಿ, ಅಂಚಿಗೆ ಓವರ್‌ಲಾಕ್ ಹಾಕಿ. ಒಳಗೆ ಹೊಲಿಗೆ ಎಲ್ಲಾ ಕಾಣತ್ತೆ, ಕಾಣಲಿ. ಯಾವುದೇ ಹೊಲಿಗೆ ಬೇಕಾದ್ರೂ ಐದು ನಿಮಿಷದಲ್ಲಿ ಬಿಚ್ಚಿ ಸರಿ ಮಾಡಬಹುದು, ಹೊರ ಬಟ್ಟೆಗೂ ಬಲ ಬರತ್ತೆ.

ಈಗ "ದೂರದಿಂದ ಯಾರಿಗೆ ಕಾಣತ್ತೆ" ಅನ್ನೋ ಮಾತು. ಅರ್ಧ ನಿಜ, ಆ ಅರ್ಧ ಯಾವುದು ಅಂತ ಗೊತ್ತಿರಬೇಕು. ಸಣ್ಣ ಕಸೂತಿ, ಕೈ ಹೆಮ್ಮಿಂಗ್‌ನ ಚಂದ ಇವೆಲ್ಲಾ ಹತ್ತನೇ ಸಾಲಿಗೆ ಕಾಣಲ್ಲ, ಅದಕ್ಕೆ ರಾತ್ರಿ ನಿದ್ದೆಗೆಡಬೇಡಿ, ಲೇಸ್ ಆದ್ರೆ ದೊಡ್ಡ ನಮೂನೆ, ಬಟ್ಟೆ ಬಣ್ಣಕ್ಕಿಂತ ಎದ್ದು ಕಾಣೋ ಬಣ್ಣ ಆರಿಸ್ಕೊಳ್ಳಿ. ಆದ್ರೆ ದೂರದಿಂದ ಮೊದಲು ಕಾಣೋದು ಆಕಾರ. ಭುಜ ಜಾರಿದ್ದು, ಸೊಂಟದ ಗೆರೆ ಓರೆ ಇದ್ದಿದ್ದು, ಅಂಚು ಒಂದು ಕಡೆ ಎತ್ತಿದ್ದು ಕೊನೇ ಸಾಲಿಗೂ ಕಾಣತ್ತೆ. ಇನ್ನು ಬಲ ಇದೆಯಲ್ಲ, ಅದು ಯಾರಿಗೂ ಕಾಣಬೇಕಾಗಿಲ್ಲ, ನಟನಿಗೆ ಗೊತ್ತಾಗತ್ತೆ. ಬಟ್ಟೆ ಹರಿಯತ್ತೇನೋ ಅಂತ ಹೆದರಿದ ನಟ ಕೈ ಅರ್ಧಕ್ಕೇ ಎತ್ತುತಾನೆ, ಆ ಅರ್ಧ ಕೈ ಎಲ್ಲರಿಗೂ ಕಾಣತ್ತೆ. ಗ್ಲೂ ಬಗ್ಗೆ ಹೆಚ್ಚು ಹೇಳಲ್ಲ. ಕಿರೀಟಕ್ಕೆ, ಕಲ್ಲು ಅಂಟಿಸೋಕೆ ಸರಿ. ಹಾಟ್ ಗ್ಲೂ ಬಿಸಿಗೆ ಮೆತ್ತಗಾಗತ್ತೆ, ಇಸ್ತ್ರಿ ತಾಗಿದ್ರೆ ಬಿಟ್ಕೊಳತ್ತೆ, ಒಣಗಿದ ಮೇಲೆ ಮೈಗೆ ಚುಚ್ಚತ್ತೆ, ಮುಖ್ಯವಾಗಿ ಅದನ್ನ ಬಿಚ್ಚೋಕೆ ಆಗಲ್ಲ. ಎಳೆತ ಬೀಳೋ ಜಾಗಕ್ಕೆ ಬೇಡವೇ ಬೇಡ.

ಬಣ್ಣದ ವಿಷಯದಲ್ಲಿ ನಿಮ್ಮ ತಪ್ಪು ಏನೂ ಇಲ್ಲ, ಯಾರೂ ನಿಮಗೆ ಲೈಟ್ ಬಗ್ಗೆ ಹೇಳಿಲ್ಲ ಅಷ್ಟೇ. ಮರೂನ್ ಅನ್ನೋದು ಗಾಢ ಕೆಂಪು, ಅಂದ್ರೆ ಆ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಲ್ಲಿ ಕೆಂಪನ್ನ ಮಾತ್ರ ವಾಪಸ್ ಕಳಿಸತ್ತೆ, ಉಳಿದಿದ್ದನ್ನ ನುಂಗತ್ತೆ. ರಾತ್ರಿ ಸೀನಿಗೆ ನೀಲಿ ಲೈಟ್ ಹಾಕ್ತಾರೆ, ಅದರಲ್ಲಿ ಕೆಂಪೇ ಇಲ್ಲ, ವಾಪಸ್ ಕಳಿಸೋಕೆ ಏನೂ ಇಲ್ಲ, ಕಪ್ಪು ಕಾಣಿಸ್ತು. ನಾವು ಬಟ್ಟೆ ಆರಿಸೋದು ಹಗಲು ಬೆಳಕಲ್ಲಿ, ಮಧ್ಯಾಹ್ನದ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣ ಅಳೆಯೋ ಲೆಕ್ಕ), ಸ್ಟೇಜಿನ ಹ್ಯಾಲೋಜನ್ ಲೈಟ್ ಸುಮಾರು 3200, ಅಂದ್ರೆ ಹಳದಿ ಕಡೆ ವಾಲಿದ್ದು. ಎಲ್ಇಡಿ ಲೈಟ್ ಆದ್ರೆ ಇನ್ನೂ ಹುಷಾರಾಗಿರಬೇಕು, ಕೆಂಪು ಹಸಿರು ನೀಲಿ ಸೇರಿಸಿ ಬಿಳಿ ಮಾಡಿರ್ತಾರೆ, ನಮ್ಮ ಕಣ್ಣಿಗೆ ಬಿಳಿ ಅನ್ಸಿದ್ರೂ ಬಟ್ಟೆ ಬಣ್ಣ ಬೇರೆ ಥರ ಕಾಣಿಸತ್ತೆ. ಅಂಗಡಿಯಲ್ಲಿ ಒಂದೇ ಥರ ಇದ್ದ ಎರಡು ಕಪ್ಪು ಬಟ್ಟೆ ಸ್ಟೇಜಲ್ಲಿ ಒಂದು ಕೆಂಪು ಮಿಶ್ರಿತ, ಒಂದು ಹಸಿರು ಮಿಶ್ರಿತ ಕಂಡಿದ್ದನ್ನ ಎಷ್ಟೋ ಸಲ ನೋಡಿದೀನಿ. ಪೂರ್ತಿ ಬಟ್ಟೆ ತಗೊಳೋ ಮುಂಚೆ ಅಂಗೈ ಅಗಲದ ಸ್ಯಾಂಪಲ್ ತಂದು ಲೈಟಿಂಗ್ ಮಾಡೋರ ಹತ್ರ ಹೋಗಿ, "ಈ ಸೀನಿಗೆ ಯಾವ ಬಣ್ಣ ಹಾಕ್ತೀರಾ, ಒಂದು ಸಲ ಇದರ ಮೇಲೆ ಬಿಡಿ" ಅಂತ ಕೇಳಿ, ಬೇಜಾರು ಮಾಡ್ಕೊಳಲ್ಲ. ನಿಮ್ಮ ರಾಣಿ ಉಡುಪನ್ನ ಈಗ ಮತ್ತೆ ಹೊಲಿಯೋದು ಬೇಡ, ಆ ಸೀನಲ್ಲಿ ಪಕ್ಕದಿಂದ ಸ್ವಲ್ಪ ಬೆಚ್ಚನೆ ಲೈಟ್ ಸೇರಿಸ್ತೀರಾ ಅಂತ ಕೇಳಿ ನೋಡಿ, ಆಗಲ್ಲ ಅಂದ್ರೆ ಅಂಚಿಗೆ, ಕುತ್ತಿಗೆ ಸುತ್ತ ಬೆಳ್ಳಿ ಬಣ್ಣದ ಪಟ್ಟಿ ಹಾಕಿ, ನೀಲಿ ಬೆಳಕಲ್ಲಿ ಆಕಾರ ಎದ್ದು ಬರತ್ತೆ. ಬಿಳಿಗೆ ಹಳೇ ಉಪಾಯ, ಅಚ್ಚ ಬಿಳಿನ ಸ್ಟೇಜ್ ಮೇಲೆ ಕಳಿಸಬಾರದು, ಹತ್ತಿ ಬಟ್ಟೆ ಆದ್ರೆ ತೆಳು ಟೀ ಡಿಕಾಕ್ಷನ್‌ನಲ್ಲಿ ಅದ್ದಿ ತೆಗೆದ್ರೆ ಸಾಕು, ಪ್ರೇಕ್ಷಕರಿಗೆ ಬಿಳಿಯೇ ಕಾಣತ್ತೆ, ಹೊಳಪು ಹೋಗಿರತ್ತೆ. ನೆಟ್ ನೈಲಾನ್ ಆಗಿದ್ರೆ ಒಂದು ತುಂಡಲ್ಲಿ ನೋಡಿ ಆಮೇಲೆ ಮುಂದುವರೀರಿ, ಪಾಲಿಯೆಸ್ಟರ್ ಆಗಿದ್ರೆ ಟೀ ಅಲ್ಲ, ಮಾಮೂಲಿ ಡೈ ಕೂಡ ಹಿಡಿಯಲ್ಲ, ಅದಕ್ಕೆ ಬೇರೆ ಜಾತಿ ಡೈ ಬೇಕು, ಕುದಿಯೋ ಶಾಖ ಬೇಕು. ಬಣ್ಣ ಹಾಕೋದು ಶುರು ಮಾಡಿದ್ರೆ ಡೈ ಪುಡಿ ಬಿಚ್ಚುವಾಗ ಮಾಸ್ಕ್ ಹಾಕ್ಕೊಳ್ಳಿ, ಹತ್ತಿಗೆ ಹಾಕೋ ರಿಯಾಕ್ಟಿವ್ ಡೈ ಪುಡಿ ಉಸಿರಲ್ಲಿ ಒಳಗೆ ಹೋಗ್ತಾ ಹೋಗ್ತಾ ಅಲರ್ಜಿ, ಉಬ್ಬಸ ಬರಬಹುದು, ಒಂದು ಸಲ ಬಂದ್ರೆ ಆಮೇಲೆ ಚಿಟಿಕೆ ಪುಡಿಗೂ ಎದೆ ಹಿಡಿಯತ್ತೆ. ಬಣ್ಣ ಹಾಕಿದ ಪಾತ್ರೇಲಿ ಮತ್ತೆ ಅಡುಗೆ ಮಾಡಬೇಡಿ.

ನೀವು ಕೇಳದ ಒಂದು ವಿಷಯ ಇದೆ, ನಿಮ್ಮ ಮಾತಲ್ಲಿ ಹಾಗೇ ಬಂದುಹೋಗಿದೆ, ಅದನ್ನ ಓದಿ ನನಗೆ ಎದೆ ಧಸಕ್ ಅಂತು. ದೀಪ ಹಿಡ್ಕೊಂಡು ಬರೋ ಹುಡುಗಿಗೆ ನೆಟ್ ಸ್ಕರ್ಟ್. ಅದು ನಿಜವಾದ ಬೆಂಕಿಯ ದೀಪಾನಾ? ಹಾಗಿದ್ರೆ ಈ ಉತ್ತರದಲ್ಲಿ ಬೇರೆ ಏನೂ ಮಾಡದಿದ್ರೂ ಇದೊಂದನ್ನ ಮಾಡಿ, ಬ್ಯಾಟರಿ ದೀಪ ಕೊಡೋಕೆ ಹೇಳಿ. ಪ್ಯಾರಿಸ್ ಒಪೇರಾದಲ್ಲಿ ಎಮ್ಮಾ ಲಿವ್ರಿ ಅಂತ ಒಬ್ಬ ನರ್ತಕಿ ಇದ್ಲು, 1862ರ ನವೆಂಬರ್‌ನಲ್ಲಿ ರಿಹರ್ಸಲ್ ನಡೀತಿರುವಾಗ ಅವಳ ತೆಳು ಸ್ಕರ್ಟ್‌ಗೆ ಗ್ಯಾಸ್ ದೀಪದ ಬೆಂಕಿ ತಾಗ್ತು, ಎಂಟು ತಿಂಗಳು ನರಳಿ 1863ರ ಜುಲೈನಲ್ಲಿ ತೀರ್ಕೊಂಡ್ಲು, ವಯಸ್ಸು 20. ಬೆಂಕಿ ತಡೆಯೋ ದ್ರಾವಣದಲ್ಲಿ ಅದ್ದಿದ ಸ್ಕರ್ಟ್ ಆಗಲೇ ಇತ್ತು, ಅದು ಬಿರುಸಾಗತ್ತೆ, ಮಂಕಾಗಿ ಕಾಣತ್ತೆ ಅಂತ ಅವಳು ಹಾಕ್ಕೊಂಡಿರಲಿಲ್ಲ. ತೆಳು ಬಟ್ಟೆ, ಪದರ ಪದರ, ಮಧ್ಯೆ ಗಾಳಿ, ಬೆಂಕಿಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ನೈಲಾನ್, ಪಾಲಿಯೆಸ್ಟರ್ ಆದ್ರೆ ಕರಗಿ ಚರ್ಮಕ್ಕೆ ಅಂಟ್ಕೊಳತ್ತೆ. ಬೆಂಕಿ ತಡೆಯೋ ಸ್ಪ್ರೇ ಸಿಗತ್ತೆ, ಆದ್ರೆ ಅಂಥವುಗಳಲ್ಲಿ ಎಷ್ಟೋ ಒಗೆದ್ರೆ ಹೋಗಿಬಿಡ್ತವೆ, ಬೆಂಕಿ ಹತ್ತೋದನ್ನ ನಿಧಾನ ಮಾಡ್ತವೆ ಹೊರತು ಪೂರ್ತಿ ನಿಲ್ಲಿಸಲ್ಲ. ನಿರ್ದೇಶಕರು ನಿಜವಾದ ಜ್ವಾಲೆಯೇ ಬೇಕು ಅಂದ್ರೆ ಆ ಸ್ಕರ್ಟ್ ಕೊಡಲ್ಲ ಅಂತ ಹೇಳೋ ಹಕ್ಕು ನಿಮಗಿದೆ.

ಕೆಲಸ ಬದಲಾಯಿಸೋ ವಿಷಯಕ್ಕೆ ಬರ್ತೀನಿ. ಡಿಗ್ರಿ ಇದ್ರೆ ಒಳ್ಳೇದು, ಬೇರೆ ಬೇರೆ ಕಾಲದ ಉಡುಪಿನ ಇತಿಹಾಸ, ಪ್ಯಾಟರ್ನ್ ಇವೆಲ್ಲಾ ಒಟ್ಟಿಗೆ ಕಲೀಬಹುದು, ಬೇಗ ಪರಿಚಯ ಆಗತ್ತೆ. ಕಾಸ್ಟ್ಯೂಮ್ ಡಿಸೈನರ್ ಆಗ್ಬೇಕು ಅಂದ್ರೆ ಅದು ಹೆಚ್ಚು ಉಪಯೋಗಕ್ಕೆ ಬರತ್ತೆ. ಆದ್ರೆ ನೀವು ಇಷ್ಟಪಟ್ಟಿದ್ದು ಮಾಡೋ ಕೆಲಸ, ಚಿತ್ರ ಬರೆಯೋರು ಬೇರೆ, ಕಟಿಂಗ್ ಮಾಡೋರು ಬೇರೆ, ಹೊಲಿಯೋರು, ಬಣ್ಣ ಹಾಕಿ ಹಳೇದು ಮಾಡೋರು, ಶೋ ಸಮಯದಲ್ಲಿ ತೊಡಿಸೋರು, ಎಲ್ಲಾ ಬೇರೆ ಬೇರೆ ಕೆಲಸ, ಸಣ್ಣ ತಂಡಗಳಲ್ಲಿ ಮಾತ್ರ ಎಲ್ಲಾ ಒಬ್ಬರ ತಲೆ ಮೇಲೆ. ಮಾಡೋರಿಗೆ ಕೈ ಕೆಲಸ ನೋಡಿ ಕರೀತಾರೆ, ನಾನೂ ಹಾಗೇ ಬಂದವಳು, ಈಗ ಜನ ತಗೊಳೋವಾಗ ಮೊದಲು ಬಟ್ಟೆ ಒಳಗೆ ತಿರುಗಿಸಿ ನೋಡ್ತೀನಿ. ಹಾಗಾಗಿ ಇನ್ಮೇಲೆ ಫೋಟೋ ತೆಗೆಯುವಾಗ ಒಳಭಾಗದ್ದೂ ತೆಗೆದಿಡಿ.

ಟೈಲರಿಂಗ್ ಒಂದೇ ಸಲ ಬಿಡಬೇಡಿ ಅಂತ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಈ ಕೆಲಸ ಅಲೆ ಥರ, ಶೋಗೆ ಮುಂಚೆ ಎರಡು ವಾರ ಊಟಕ್ಕೂ ಪುರುಸೊತ್ತಿರಲ್ಲ, ಆಮೇಲೆ ಎರಡು ತಿಂಗಳು ಒಂದು ಫೋನೂ ಬರಲ್ಲ. ಮೊದಲ ಒಂದೆರಡು ವರ್ಷ ವರ್ಷಕ್ಕೆ ಎರಡೋ ಮೂರೋ ನಾಟಕ ತಗೊಂಡು ಗಿರಾಕಿಗಳನ್ನ ಉಳಿಸ್ಕೊಳ್ಳೋದು ಒಂದು ದಾರಿ, ಇದರಲ್ಲಿ ಅಪಾಯ ಅಂದ್ರೆ ಹಬ್ಬ ಮದುವೆ ಸೀಸನ್ನೂ ಶೋನೂ ಒಟ್ಟಿಗೆ ಬಿದ್ರೆ ಎರಡೂ ಕಡೆ ಮಾತು ಕೆಡತ್ತೆ. ಇನ್ನೊಂದು ದಾರಿ, ದೊಡ್ಡ ಕಾಸ್ಟ್ಯೂಮ್ ವರ್ಕ್‌ಶಾಪ್‌ನಲ್ಲಿ ಹೊಲಿಯೋ ಕೆಲಸಕ್ಕೆ ಸೇರೋದು, 11 ವರ್ಷ ಸ್ವಂತವಾಗಿ ಮಾಡಿದವರಿಗೆ ಬೇರೆಯವರ ಕೆಳಗೆ ಅಂಚು ಮಡಚೋದು ಕಷ್ಟ ಆಗಬಹುದು, ದುಡ್ಡೂ ಮೊದಲು ಕಡಿಮೆ, ಆದ್ರೆ ಒಂದು ವರ್ಷದಲ್ಲಿ ಕಲಿಯೋದು ಒಬ್ಬರೇ ಐದು ವರ್ಷ ಕಲಿಯೋಕಿಂತ ಜಾಸ್ತಿ. ಸ್ವಂತ ಬಟ್ಟೆ ಇಟ್ಟು ಬಾಡಿಗೆಗೆ ಕೊಡೋದನ್ನ ಈಗಲೇ ಯೋಚಿಸಬೇಡಿ, ಜಾಗ, ಒಗೆತ, ರಿಪೇರಿ, ವಾಪಸ್ ಬರದ ತುಣುಕುಗಳು, ಅದು ಬೇರೆಯದೇ ವ್ಯಾಪಾರ. ಯಾವ ದಾರಿ ಆದ್ರೂ ಸರಿ, ಕೆಲಸ ಒಪ್ಪುವಾಗ ಬರವಣಿಗೆಯಲ್ಲಿ ತಗೊಳ್ಳಿ: ಎಷ್ಟು ಉಡುಪು, ಎಷ್ಟು ಫಿಟಿಂಗ್, ಬಟ್ಟೆ ಖರ್ಚು ಯಾರದು, ನಟರು ಬದಲಾದ್ರೆ ಅಥವಾ ನಿರ್ದೇಶಕರು ಮನಸ್ಸು ಬದಲಾಯಿಸಿದ್ರೆ ಎಕ್ಸ್‌ಟ್ರಾ ಎಷ್ಟು, ಮೊದಲ ಶೋ ಆದ ಮೇಲಿನ ರಿಪೇರಿ ಯಾರು ಮಾಡ್ತಾರೆ. ಆ ಕೊನೇದನ್ನ ಬಿಟ್ಟು ನಾನು ಎಷ್ಟು ರಾತ್ರಿ ಬಿಟ್ಟಿ ಕೆಲಸ ಮಾಡಿದೀನೋ ಲೆಕ್ಕ ಇಲ್ಲ.

ಈಗ ಆ ಕೋಟು, ಮೂರು ವಾರ ಸಾಕು. ಇಳಿಸಿದ ಆರ್ಮ್‌ಹೋಲನ್ನ ಮತ್ತೆ ಮೇಲೆ ತರೋಕೆ ಆಗಲ್ಲ, ಹಾಗಾಗಿ ಗಸೆಟ್ ಹಾಕಿ. ಕಂಕುಳಲ್ಲಿ ಸೈಡ್ ಹೊಲಿಗೆ, ತೋಳಿನ ಅಡಿ ಹೊಲಿಗೆ ಸೇರೋ ಜಾಗದಿಂದ ಆ ಎರಡೂ ಹೊಲಿಗೆನ ಮೂರೂವರೆ ನಾಲ್ಕು ಇಂಚು ಬಿಚ್ಚಿ, ಅಲ್ಲಿ ಪ್ರತಿ ಬದಿ ಅಷ್ಟೇ ಉದ್ದ ಇರೋ ಡೈಮಂಡ್ ಆಕಾರದ ತುಂಡು, ಕ್ರಾಸ್ ಕಟಿಂಗ್‌ನಲ್ಲಿ (ಎಳೆಗೆ ಓರೆಯಾಗಿ ಕತ್ತರಿಸಿ). ಅಂಚಲ್ಲಿ ಮಡಚಿದ ಬಟ್ಟೆ ಇದ್ರೆ ಅಲ್ಲಿಂದ ತೆಗೀರಿ, ಇಲ್ಲದಿದ್ರೆ ಅದೇ ಬಣ್ಣದ ಹಿಗ್ಗೋ ಬಟ್ಟೆ ಹಾಕಿ, ಕಂಕುಳೊಳಗೆ ಯಾರಿಗೂ ಕಾಣಲ್ಲ. ಮೂಲೆಗಳಲ್ಲಿ ಹೊಲಿಗೆ ಸಣ್ಣದು ಮಾಡಿ, ಹಿಂದೆ ಒಂದು ತುಣುಕು ಗಟ್ಟಿ ಹತ್ತಿ ಬಟ್ಟೆ ಇಡಿ, ಹರಿಯೋದು ಯಾವಾಗ್ಲೂ ಆ ಮೂಲೆಯಿಂದಲೇ. ಬೆವರಿಗೆ ಒಳಗೆ ತೆಗೆದು ಹಾಕೋ ಪ್ಯಾಡ್ ಕೊಡಿ, ಟಿಚ್ ಬಟನ್‌ನಲ್ಲಿ, ಪ್ರತಿ ಶೋ ಆದ್ಮೇಲೆ ಅದೊಂದನ್ನೇ ಒಗೆದ್ರೆ ಆಯ್ತು. ಆಮೇಲೆ ಆ ನಟರನ್ನ ಕರೆಸಿ, ಶೋನಲ್ಲಿ ಹಾಕೋ ಬೂಟು, ಒಳಗಿನ ಬನಿಯನ್ನು, ಬೆಲ್ಟು, ಕತ್ತಿ ಎಲ್ಲಾ ಹಾಕಿಸಿ, ಪೂರ್ತಿ ಕಾಳಗ ನಿಮ್ಮ ಮುಂದೆ ಎರಡು ಸಲ ಮಾಡಿಸಿ, ನೀವು ಪಕ್ಕದಲ್ಲೇ ನಿಂತು ಕಂಕುಳನ್ನೇ ನೋಡ್ತಿರಿ. ಎಳೆತ ಎಲ್ಲಿ ಬರ್ತಿದೆ ಅಂತ ಆಗ ಕಾಣತ್ತೆ, ಅಲ್ಲೇ ಚಾಕ್‌ನಲ್ಲಿ ಗುರುತು ಹಾಕಿ.